ಸಿದೊನಿ ಎಂಬ ಹೆಸರಿನ ಜಾಡು ಹಿಡಿದು

ಮೆಲ್ಬರ್ನ್ ವಿಮಾನ ನಿಲ್ದಾಣ

ತಪಾಸಣೆಯ ಮೇಜಿನ ಮೇಲೆ ನನ್ನ ಸೂಟ್‌ಕೇಸು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಣಶುಂಠಿ, ಓಮದ ಪುಡಿ, ಬೆಳ್ಳುಳ್ಳಿ ಲೇಹ್ಯ, ಅಂಟಿನುಂಡೆ. ಕೈಗವಸು ತೊಟ್ಟ ಅಧಿಕಾರಿ ಹೆಂಗಸು ಒಂದೊಂದೇ ಡಬ್ಬಿ ಎತ್ತಿ ಮುಚ್ಚಳ ತಿರುಗಿಸಿ ನೋಡುತ್ತಿದ್ದಳು.

“ಇದೆಲ್ಲ ಯಾರಿಗೆ?”

ಬಾಣಂತಿ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಡಕಾಡಿದೆ. “ಹೆರಿಗೆಯಾದ ಹುಡುಗಿಗೆ. ನನ್ನ ತಂಗಿಯ ಮಗಳು.”

ಅವಳ ಮುಖ ಅರಳಿತು. “ಓ, ಕಂಗ್ರಾಜುಲೇಶನ್ಸ್! ಏನು ಮಗು?”

“ಹೆಣ್ಣು.”

ಅಂಟಿನುಂಡೆಯ ಡಬ್ಬಿಯೊಂದನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಅವಳೇ ನೀಟಾಗಿ ಜೋಡಿಸಿಕೊಟ್ಟಳು. ನಾನು ಥ್ಯಾಂಕ್ಯೂ ಹೇಳಿ ಸೂಟ್‌ಕೇಸು ಎಳೆದುಕೊಂಡು ಹೊರಟೆ. ಮಗು ಸತ್ತು ಆಗಲೇ ಐದು ದಿನವಾಗಿತ್ತು. ಅಷ್ಟು ಸಂತೋಷಪಟ್ಟವಳಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಚೇತನಾಳ ತಾಯಿ, ನನ್ನ ತಂಗಿ ಸುಮಿತ್ರಾ, ತೀರಿಕೊಂಡಾಗ ಚೇತನಾ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಆಮೇಲೆ ಬೆಳೆದದ್ದೆಲ್ಲ ಚಿತ್ರದುರ್ಗದ ನಮ್ಮ ಮನೆಯಲ್ಲಿ. ಫಾರ್ಮಸಿ ಓದಿ ಮೆಲ್ಬರ್ನಿಗೆ ಹೋದಳು, ಬಾಕ್ಸ್ ಹಿಲ್‌ನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಹಿಡಿದಳು, ಲೂಕ್ ಎಂಬ ಎಲೆಕ್ಟ್ರಿಷಿಯನ್ನನ್ನು ಮದುವೆಯಾದಳು. ಲೂಕ್ ಹುಟ್ಟಿದ್ದು ಮೆಲ್ಬರ್ನಿನಲ್ಲೇ. ಅವನ ಹಿರಿಯರು ಮಾರಿಷಸ್ ದ್ವೀಪದಿಂದ ಬಂದವರು, ಮನೆಯೊಳಗೆ ಫ್ರೆಂಚ್ ಆಡುತ್ತಿದ್ದವರು. ಅವನ ತಂದೆತಾಯಿ ಇಬ್ಬರೂ ಈಗಿಲ್ಲ. ಹಾಗಾಗಿ ಬಾಣಂತನಕ್ಕೆ ನಾನೇ ಹೋಗುವುದೆಂದು ತೀರ್ಮಾನವಾಗಿತ್ತು. ಏಳೂವರೆ ತಿಂಗಳಿಗೆ ಹೊಟ್ಟೆಯೊಳಗೆ ಮಗುವಿನ ಅಲುಗಾಟ ನಿಂತಿತು. ನಾನು ಹೊರಡುವ ದಿನವನ್ನು ಮುಂಚೆ ಮಾಡಿಕೊಂಡು ಬಂದೆ. ಪುಡಿಗಳನ್ನು ಸೂಟ್‌ಕೇಸಿನಿಂದ ತೆಗೆಯಲಿಲ್ಲ. ಮಗು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ.

ಕ್ರೇಗಿಬರ್ನ್

ಊರಿನ ಉತ್ತರದ ಅಂಚಿನಲ್ಲಿರುವ ಈ ಸಬರ್ಬಿನಲ್ಲಿ ರಸ್ತೆಗೆ ನಾಲ್ಕಾದರೂ ನಮ್ಮವರ ಮನೆಗಳು. ಬಾಗಿಲಿಗೆ ಮಾವಿನ ಎಲೆಯ ಪ್ಲಾಸ್ಟಿಕ್ ತೋರಣ, ಒಳಗೆ ಒಗ್ಗರಣೆಯ ವಾಸನೆ. ಆದರೆ ಬೀದಿಯಲ್ಲಿ ಮನುಷ್ಯರಿಲ್ಲ. ನಮ್ಮಲ್ಲಿ ಸಾವಾದ ಮನೆ ದೂರದಿಂದಲೇ ಗೊತ್ತಾಗುತ್ತದೆ. ಹೊರಗೆ ಕುರ್ಚಿ ಹಾಕಿರುತ್ತಾರೆ, ಹತ್ತು ಜೊತೆ ಚಪ್ಪಲಿ ಇರುತ್ತವೆ. ಇಲ್ಲಿ ಚೇತನಾಳ ಮನೆಯ ಹುಲ್ಲಿಗೆ ನೀರು ಚಿಮ್ಮುತ್ತಿತ್ತು, ಅಷ್ಟೇ.

ಅವಳು ನನ್ನನ್ನು ತಬ್ಬಿಕೊಳ್ಳಲು ಬಂದವಳು ಅರ್ಧಕ್ಕೇ ನಿಂತು, “ದೊಡ್ಡಮ್ಮ, ಮುಟ್ಬೇಡ, ನೋಯುತ್ತೆ” ಅಂದಳು. ಎದೆ ಕಲ್ಲಾಗಿತ್ತು. ಹಾಲಿಗೆ ಮಗು ಇಲ್ಲವೆಂದು ಗೊತ್ತಿರಲಿಲ್ಲ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮಲ್ಲಿಗೆ ಹೂವನ್ನು ಎದೆಗೆ ಕಟ್ಟುತ್ತಾರೆ. ಕ್ರೇಗಿಬರ್ನಿನಲ್ಲಿ ಮೊಳ ಮಲ್ಲಿಗೆ ಎಲ್ಲಿಂದ ತರಲಿ? ಪಕ್ಕದ ರಸ್ತೆಯ ಸುಜಾತಾ, ಮೈಸೂರಿನ ಹುಡುಗಿ, ದಿನಾ ಅನ್ನ ಸಾರು ತಂದುಕೊಡುತ್ತಿದ್ದವಳು, ಎರಡು ಎಲೆಕೋಸು ಹಿಡಿದುಕೊಂಡು ಬಂದಳು. “ಆಂಟಿ, ಇಲ್ಲಿನ ಮಿಡ್‌ವೈಫ್ಸ್ ಇದನ್ನೇ ಹೇಳೋದು. ಫ್ರಿಜ್ಜಲ್ಲಿಟ್ಟು, ಎಲೆ ಬಿಡಿಸಿ ಒಳಗೆ ಇಡಿ.” ದಿನಕ್ಕೆ ನಾಲ್ಕು ಸಲ ನಾನು ತಣ್ಣನೆಯ ಎಲೆ ಇಟ್ಟು, ಬಾಡಿದ್ದನ್ನು ತೆಗೆದು ಕಸಕ್ಕೆ ಹಾಕುತ್ತಿದ್ದೆ. ಕೋಣೆಯೆಲ್ಲ ಬೆಂದ ಕೋಸಿನ ವಾಸನೆ.

ನಮ್ಮಲ್ಲಿ ಸತ್ತು ಹುಟ್ಟಿದ ಮಗುವನ್ನು ತಾಯಿಗೆ ತೋರಿಸುವುದಿಲ್ಲ. ಗಂಡಸರು ಒಯ್ದು ಎಲ್ಲೋ ಮಣ್ಣು ಮಾಡಿ ಬರುತ್ತಾರೆ, ಎಲ್ಲಿ ಎಂದು ಯಾರೂ ಕೇಳಬಾರದು. ಇಲ್ಲಿ ಆಸ್ಪತ್ರೆಯ ಸೂಲಗಿತ್ತಿ ಮಗುವಿಗೆ ಸ್ನಾನ ಮಾಡಿಸಿ ಚೇತನಾಳ ತೋಳಿನಲ್ಲಿಟ್ಟು, ಗದ್ದ ಥೇಟ್ ನಿನ್ನದೇ ಎಂದಳಂತೆ. ಪಾದದ ಅಚ್ಚು ತೆಗೆದು ಒಂದು ಪೆಟ್ಟಿಗೆಯಲ್ಲಿ ಹಾಕಿಕೊಟ್ಟಿದ್ದರು. ಜೊತೆಗೆ ಜನನ ನೋಂದಣಿಯ ಫಾರಂ. ಸತ್ತು ಹುಟ್ಟಿದ ಮಗುವಿನದೂ ಜನನವೇ ಇಲ್ಲಿ. ಹೆಸರಿಗೆ ಜಾಗ ಬಿಟ್ಟಿದ್ದರು.

ಆ ಜಾಗದ ಮೇಲೆ ಬೆರಳಿಟ್ಟು ನೋಡಿದೆ. ಚಿತ್ರದುರ್ಗದ ನಗರಸಭೆಯ ಜನನ ಮರಣ ವಿಭಾಗದಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಇಂಥ ಮಕ್ಕಳಿಗೆ ನಮ್ಮಲ್ಲಿ ಬೇರೆಯೇ ಪುಸ್ತಕ, ಅದರಲ್ಲಿ ಹೆಸರಿಲ್ಲ. ಒಮ್ಮೆ ಒಬ್ಬ ತಾಯಿ ಕೌಂಟರಿಗೆ ಬಂದು, “ಪಾರ್ವತಿ ಅಂತ ಬರಕೊಳ್ರಿ ಅಕ್ಕಾರೆ” ಅಂದಿದ್ದಳು. “ಅದಕ್ಕೆ ಜಾಗ ಇಲ್ಲಮ್ಮ” ಎಂದಿದ್ದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ನಾನು ಹಿಂದಿದ್ದವರನ್ನು ಕರೆದೆ. ಅವಳ ಮುಖ ಈಗ ನೆನಪಿಲ್ಲ.

“ಹೆಸರು ಸಿದೊನಿ ಅಂತ ಇಡೋದಿತ್ತು. ಲೂಕ್ ಅಜ್ಜಿಯ ಅಕ್ಕನ ಹೆಸರು,” ಎಂದಳು ಚೇತನಾ. ಫೋನಿನಲ್ಲಿ ನಾವೆಲ್ಲ ಸಿಡ್ನಿ, ಸಿದ್ದೋನಿ ಎಂದೆಲ್ಲ ಕರೆದು ನಕ್ಕಿದ್ದೆವು. “ಅರ್ಥ ಏನು ಅಂತ ಕೇಳ್ದೆ ದೊಡ್ಡಮ್ಮ. ಸೈಡನ್ ಅಂತ ಒಂದು ಹಳೇ ಊರು, ಸಮುದ್ರದ ದಂಡೇಲಿ, ಆ ಊರಿನ ಹೆಂಗಸು ಅಂತ ಅರ್ಥ ಅಂದ. ಎಷ್ಟು ಚೆನ್ನಾಗಿದೆ ಅಂದ್ಕೊಂಡೆ. ಆಸ್ಪತ್ರೆಯಿಂದ ಬಂದ್ಮೇಲೆ ನೆಟ್ಟಲ್ಲಿ ನೋಡ್ದೆ. ಅದೂ ಇದೆ. ಇನ್ನೊಂದೂ ಇದೆ.”

“ಏನು?”

“ಹೆಣಕ್ಕೆ ಸುತ್ತೋ ಬಟ್ಟೆ.”

ಗ್ರೀಕರಲ್ಲಿ ನಾರುಬಟ್ಟೆಗೆ ಸಿಂದೋನ್ ಎನ್ನುತ್ತಿದ್ದರಂತೆ. ಏಸುವನ್ನು ಶಿಲುಬೆಯಿಂದ ಇಳಿಸಿ ಸುತ್ತಿದ್ದು ಅಂಥ ಬಟ್ಟೆಯಲ್ಲಿ. ಆ ಬಟ್ಟೆಗೇ ಒಂದು ಹಬ್ಬವಿತ್ತು, ಆ ಸುಮಾರಿಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಕೆಲವರು ಈ ಹೆಸರಿಡುತ್ತಿದ್ದರಂತೆ.

“ಅವಳು ಹೊಟ್ಟೇಲಿದ್ದಾಗ್ಲೇ ನಾನು ಆ ಹೆಸರಲ್ಲಿ ಕರೆದೆ. ದಿನಾ ಕರೆದೆ.”

“ಹುಚ್ಚಿ, ಹೆಸರಿಗೂ ಅದಕ್ಕೂ ಏನು ಸಂಬಂಧ? ಡಾಕ್ಟರು ಏನಂದ್ರು?”

“ಪ್ಲಸೆಂಟಾ ಪ್ರಾಬ್ಲಂ. ನಂಗೊತ್ತು ದೊಡ್ಡಮ್ಮ, ನಾನು ಓದಿದ್ದೇ ಅದನ್ನ. ಗೊತ್ತಿದ್ರೂ ಆಗ್ತಿಲ್ಲ.” ಫಾರಂ ಪಕ್ಕಕ್ಕಿಟ್ಟು ಹೇಳಿದಳು: “ಆ ಮುದುಕಿಗೆ ತನ್ನ ಹೆಸರಿನ ಅರ್ಥ ಗೊತ್ತಿರಲ್ವಾ? ನೀನು ಹೋಗಿ ಕೇಳು. ಲೂಕ್ ಒಬ್ನೇ ಹೋದ್ರೆ ಏನೋ ಒಂದು ಹೇಳ್ತಾನೆ.”

ಸಿಡ್ನಿಯಲ್ಲಿದ್ದ ಮುದುಕಿಗೆ ಮಗು ಹೋದ ಸುದ್ದಿಯೇ ಇನ್ನೂ ಮುಟ್ಟಿರಲಿಲ್ಲ. ಅವರಿಗೆ ಕಿವಿ ದೂರ, ಫೋನಿನಲ್ಲಿ ಏನೂ ಕೇಳಿಸದು. ಹೇಗೂ ಲೂಕ್ ಸಿಡ್ನಿಗೆ ಹೋಗಲೇಬೇಕಿತ್ತು. ಮಣ್ಣು ಮಾಡುವುದು ಸೋಮವಾರ. ಸುಜಾತಾ ಎರಡು ದಿನ ಮನೆಗೆ ಬಂದಿರಲು ಒಪ್ಪಿದಳು. ಬುಧವಾರ ಬೆಳಗ್ಗೆ ಲೂಕ್ ಜೊತೆ ನಾನೂ ಕಾರು ಹತ್ತಿದೆ.

ಹ್ಯೂಮ್ ಹೆದ್ದಾರಿ

ಹತ್ತು ಗಂಟೆಯ ದಾರಿ. ಎರಡೂ ಕಡೆ ಒಣಹುಲ್ಲು, ಬಿಳಿಕಾಂಡದ ಮರಗಳು, ಬಯಲಿನಲ್ಲಿ ಕುರಿಗಳು. ನಮ್ಮ ಚಳ್ಳಕೆರೆಯ ಕಡೆಯ ಬಯಲೂ ಹೀಗೇ ಇರುತ್ತದೆ, ಆದರೆ ಅಲ್ಲಿ ಕುರಿಯ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಇರುತ್ತಾನೆ.

ಲೂಕ್ ನನ್ನನ್ನು ‘ಡೊಡಮ್ಮ’ ಎನ್ನುತ್ತಾನೆ. ಮಾತು ಕಡಿಮೆಯವನು. ರಸ್ತೆಯ ಪಕ್ಕ ಗಾಡಿ ಬಡಿದು ಸತ್ತ ಕಾಂಗರೂಗಳು ಬಿದ್ದಿರುತ್ತಿದ್ದವು. ಕೆಲವುಗಳ ಮೈಮೇಲೆ ಬಣ್ಣದಲ್ಲಿ ಅಡ್ಡಗೀಟಿನ ಗುರುತು. ಅದೇನೆಂದು ಕೇಳಿದೆ.

“ಯಾರೋ ನಿಲ್ಲಿಸಿ ನೋಡಿದಾರೆ ಅಂತ ಅರ್ಥ. ತಾಯಿ ಸತ್ತರೂ ಹೊಟ್ಟೆಯ ಚೀಲದಲ್ಲಿ ಮರಿ ಬದುಕಿರಬಹುದು. ನೋಡಿ ಗುರುತು ಹಾಕಿದರೆ ಹಿಂದೆ ಬರುವವರು ಮತ್ತೆ ನಿಲ್ಲಬೇಕಿಲ್ಲ.”

ಸ್ವಲ್ಪ ದೂರ ಹೋದ ಮೇಲೆ ಗುರುತಿಲ್ಲದ ಒಂದು ಕಂಡಿತು. ಲೂಕ್ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಇಳಿದು ಹೋದ. ಹಿಂದೆಯೇ ಒಂದು ಕ್ಯಾರವಾನ್ ನಿಂತಿತು. ಬಿಳಿಕೂದಲ ಹೆಂಗಸೊಬ್ಬಳು ಇಳಿದು ಅವನ ಕೈಗೆ ರಬ್ಬರ್ ಕೈಗವಸು ಕೊಟ್ಟಳು. ಇಂಥವರು ಬಣ್ಣದ ಡಬ್ಬಿಯನ್ನೂ ಗಾಡಿಯಲ್ಲೇ ಇಟ್ಟುಕೊಂಡಿರುತ್ತಾರೆ. ಅವನು ಮೊಣಕಾಲೂರಿ ಚೀಲದೊಳಗೆ ಕೈ ಹಾಕಿದ. ಬಹಳ ಹೊತ್ತು ಹುಡುಕಿದ.

“ಇಲ್ಲ ಅಲ್ವಾ, ಲವ್?” ಎಂದಳು ಅವಳು. ಪರಿಚಯವಿಲ್ಲದವರನ್ನೂ ಇಲ್ಲಿ ಹಾಗೇ ಕರೆಯುತ್ತಾರೆ.

“ಇದೆ. ಸತ್ತಿದೆ.”

ಅವಳು ಅಡ್ಡಗೀಟು ಎಳೆದು, ಅವನ ಭುಜ ತಟ್ಟಿ ಹೋದಳು. ಲೂಕ್ ಹುಲ್ಲಿನ ಮೇಲೇ ಕೂತುಬಿಟ್ಟ. ಬೆನ್ನು ಅಲುಗುತ್ತಿತ್ತು. ಮಗು ಹೋದ ದಿನದಿಂದ ಅವನು ಅತ್ತದ್ದನ್ನು ತಾನು ಕಂಡಿಲ್ಲವೆಂದು ಚೇತನಾ ಹೇಳಿದ್ದಳು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಅವನು ಕುಡಿಯಲಿಲ್ಲ. ಲಾರಿಗಳು ಹೋದಾಗಲೆಲ್ಲ ಗಾಳಿ ಬಂದು ನನ್ನ ಸೆರಗು ಎಳೆಯುತ್ತಿತ್ತು.

ಎಪ್ಪಿಂಗ್, ಸಿಡ್ನಿ

ಸಂಜೆಗೆ ಎಪ್ಪಿಂಗ್ ತಲುಪಿದೆವು. ಎಲ್ಲಿ ನೋಡಿದರೂ ಎತ್ತರದ ಅಪಾರ್ಟ್‌ಮೆಂಟುಗಳು, ಬಾಲ್ಕನಿಗಳಲ್ಲಿ ನಮ್ಮ ಚೂಡಿದಾರಗಳು ಒಣಗುತ್ತಿವೆ. ಕೆಳಗಿನ ಗೇಟಿನಲ್ಲಿ ಗುಂಡಿ ಒತ್ತಿ ಒತ್ತಿ ಸಾಕಾಯಿತು, ಮೇಲಿನಿಂದ ಉತ್ತರವಿಲ್ಲ. ತರಕಾರಿ ಚೀಲ ಹಿಡಿದು ಬಂದ ಹೆಂಗಸು ನನ್ನ ಸೀರೆ ನೋಡಿ, ನಾನು ಗೊಣಗಿದ್ದು ಕೇಳಿ, ನಕ್ಕಳು.

“ನೀವು ಕನ್ನಡದವರಾ? ನಾವು ಉಡುಪಿ. ಸಿದೊನಿ ಆಂಟಿಯ ಮನೆಗಾ? ಅವರಿಗೆ ಬೆಲ್ ಕೇಳುವುದಿಲ್ಲ ಮಾರಾಯ್ರೆ. ಬನ್ನಿ, ನಾನು ಬಾಗಿಲು ತೆಗೀತೇನೆ. ಪಾಪ, ಮಗು ಯಾವಾಗ ಬರ್ತದೆ ಅಂತ ದಿನಾ ಕೇಳ್ತಾರೆ.”

ಲಿಫ್ಟಿನಲ್ಲಿ ಲೂಕ್ ನನ್ನ ಮುಖ ನೋಡಿದ. ಅವನಿಗೆ ಕನ್ನಡ ಬಾರದು, ಆದರೂ ಅರ್ಥವಾದಂತಿತ್ತು.

ಎಂಬತ್ತಾರು ವರ್ಷದ ತೆಳ್ಳನೆಯ ಹೆಂಗಸು. ಬೆಳ್ಳಿಯಂಥ ಕೂದಲನ್ನು ಬಾಚಿ ಪಿನ್ನು ಸಿಕ್ಕಿಸಿದ್ದರು. ಲೂಕ್ ಅವರನ್ನು ಟಾಂಟೀನ್ ಎನ್ನುತ್ತಾನೆ, ಅತ್ತೆ ಚಿಕ್ಕಮ್ಮ ಎಲ್ಲಕ್ಕೂ ಅವರಲ್ಲಿ ಅದೇ ಮಾತು. ಗಂಡ ತೀರಿಕೊಂಡು ಬಹಳ ವರ್ಷ, ಮಕ್ಕಳಿಲ್ಲ. ಅವನ ಕೆನ್ನೆಗೆ ಎರಡೂ ಕಡೆ ಮುತ್ತು ಕೊಟ್ಟು, ಬಾಗಿಲ ಆಚೆ ಇಣುಕಿ, “ಹುಡುಗಿ ಎಲ್ಲಿ?” ಎಂದರು.

ಲೂಕ್ ಅವರನ್ನು ಕೂರಿಸಿ, ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದ. ಅವರು ಕಿವಿಗೆ ಕೈ ಒಡ್ಡಿದರು. ಮತ್ತೊಮ್ಮೆ ಹೇಳಿದ. “ಜೋರಾಗಿ, ಲೂಕ್.”

“ಮಗು ಸತ್ತುಹೋಯಿತು, ಟಾಂಟೀನ್!”

ಇಂಥ ಮಾತನ್ನು ಯಾರಾದರೂ ಕೂಗಿ ಹೇಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದನ್ನು ಅವನು ಮೂರು ಸಲ ಕೂಗಬೇಕಾಯಿತು. ಮೂರನೆಯ ಸಲಕ್ಕೆ ಅವನ ದನಿ ಸೀಳಿತು. ಪಕ್ಕದ ಮನೆಯ ಟೀವಿ ಸದ್ದು ನಿಂತಿತು.

ಮುದುಕಿ ಅವನ ಕೈಯನ್ನು ಮೆಲ್ಲಗೆ ಸವರಿದರು. ಆಮೇಲೆ, “ಏನು ಹೆಸರಿಟ್ಟಿದ್ದಿರಿ?” ಎಂದು ಕೇಳಿದರು.

“ನಿಮ್ಮದೇ.”

“ನಾನು ಬೇಡ ಅಂದಿದ್ದೆ.” ಅವರು ಎದ್ದರು. “ಇದೇ ಕುರ್ಚಿಯಲ್ಲಿ ಕೂತು ನಿನಗೆ ಹೇಳಿದ್ದೆ, ಆ ಹೆಸರು ಬೇಡ ಅಂತ.” ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಲೂಕ್ ಕಡೆ ತಿರುಗಿದೆ. ಅವನು ತಲೆಯೆತ್ತಲಿಲ್ಲ.

ಎಪ್ಪಿಂಗ್, ಮರುದಿನ ಬೆಳಗ್ಗೆ

ಬೆಳಗ್ಗೆ ಟಾಂಟೀನ್ ತಾವೇ ಎದ್ದು ಟೀ ಮಾಡಿದ್ದರು. ಲೂಕ್ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದ. ನಾನು ಅವರ ಒಳ್ಳೆಯ ಕಿವಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಚೇತನಾ ಕೇಳಿ ಕಳಿಸಿದ್ದನ್ನು ನನ್ನ ಆಫೀಸು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

“ನನಗಿಂತ ಮೊದಲು ನನ್ನಮ್ಮನಿಗೆ ಎರಡು ಹೆಣ್ಣಾಗಿತ್ತು. ಒಬ್ಬಳು ಎಮೇ, ಅಂದರೆ ಪ್ರೀತಿಪಾತ್ರಳು. ಇನ್ನೊಬ್ಬಳು ದೆಸಿರೇ, ಹಂಬಲಿಸಿ ಪಡೆದವಳು. ಇಬ್ಬರೂ ಒಂದು ತಿಂಗಳೂ ಬದುಕಲಿಲ್ಲ. ಆಮೇಲೆ ನಾನು ಹುಟ್ಟಿದೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ಅಮ್ಮ ಪಾದ್ರಿಗೆ ಹೇಳಿದಳಂತೆ, ಆಸೆ ತೋರಿಸುವ ಹೆಸರು ಬೇಡ ಫಾದರ್, ಸಾವಿಗೆ ರುಚಿಸದ ಹೆಸರು ಕೊಡಿ ಅಂತ. ಆತ ಹಬ್ಬಗಳ ಪಟ್ಟಿ ನೋಡಿ, ಪವಿತ್ರ ವಸ್ತ್ರದ ದಿನ ಹತ್ತಿರವಿದೆ, ಸಿದೊನಿ ಅನ್ನು ಎಂದ. ಯಾವ ವಸ್ತ್ರ ಅಂತ ಅಮ್ಮ ಕೇಳಿದಳು. ಆತ ಹೇಳಿದ. ಅಮ್ಮ, ಸರಿ, ಇದನ್ನು ಆಗಲೇ ಸುತ್ತಿಯಾಗಿದೆ ಅಂದುಕೊಂಡು ಸಾವು ಮುಂದೆ ಹೋಗಲಿ ಅಂದಳು.”

“ಸೈಡನ್ ಊರಿನ ಹೆಂಗಸು ಅಂತಲೂ ಇದೆಯಂತಲ್ಲ?”

“ಶಾಲೆಯಲ್ಲಿ ಕಾನ್ವೆಂಟಿನ ಸಿಸ್ಟರ್ ಹಾಗೇ ಹೇಳಿಕೊಟ್ಟಳು. ಪುಸ್ತಕಕ್ಕೆ ಅದೇ ಸರಿ. ಆ ಊರನ್ನು ನಮ್ಮ ದ್ವೀಪದಲ್ಲಿ ಯಾರು ಕಂಡಿದ್ದರು? ಹೊರಗಿನವರು ಕೇಳಿದರೆ ಊರಿನ ಅರ್ಥ ಹೇಳುತ್ತಿದ್ದೆ. ಮನೆಯೊಳಗೆ ಅಮ್ಮನದು.”

ನಾನು ಅವರಿಗೆ ನನ್ನ ಅಜ್ಜಿಯ ಕತೆ ಹೇಳಿದೆ. ಹಿಂದಿನ ಮೂರು ಮಕ್ಕಳು ಉಳಿಯದೆ ಹೋದ ಮೇಲೆ ಹುಟ್ಟಿದವಳು. ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಕಿದ್ದನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು, ತಿಪ್ಪಮ್ಮ ಎಂದು ಕರೆದರು. ನಮ್ಮ ಸೀಮೆಯಲ್ಲಿ ಅಂಥ ತಿಪ್ಪಮ್ಮಂದಿರನ್ನು, ಗುಂಡಮ್ಮಂದಿರನ್ನು ನಾನೇ ರಿಜಿಸ್ಟರಿನಲ್ಲಿ ಎಷ್ಟು ಬರೆದಿದ್ದೇನೋ. ತಿಪ್ಪೆ ಎಂದರೆ ಏನೆಂದು ವಿವರಿಸಿದಾಗ ಟಾಂಟೀನ್ ನಕ್ಕರು. ನಗು ಬಂದ ಹಾಗೇ ನಿಂತಿತು.

“ಹಾಗಾದರೆ ನಿಮಗೆ ಅರ್ಥವಾಗುತ್ತದೆ. ಅದು ಸತ್ತವರ ಹಿಂದೆ ಬರುವ ಮಗುವಿನ ಹೆಸರು. ಚೊಚ್ಚಲಿಗೆ ದೆಸಿರೇ ಅನ್ನಬೇಕು, ಎಮೇ ಅನ್ನಬೇಕು. ಲೂಕ್‌ಗೆ ಇದನ್ನೆಲ್ಲ ಹೇಳಿದೆ. ಅವನಿಗೆ ನನ್ನ ಮೇಲೆ ಪ್ರೀತಿ. ಮುದುಕಿಯ ಮೂಢನಂಬಿಕೆ ಅಂದುಕೊಂಡ. ಹೆಂಡತಿಗೆ ಹೇಳಿದ್ದಾನೆ ಅಂದುಕೊಂಡಿದ್ದೆ.”

“ಹೇಳಿಲ್ಲ.”

ಅವರು ಕಪ್ಪು ಕೆಳಗಿಟ್ಟರು. “ನೀವು ಹೇಳುತ್ತೀರಾ?”

ಅಷ್ಟರಲ್ಲಿ ಲೂಕ್ ಬಂದ. ಹೊರಡುವಾಗ ಟಾಂಟೀನ್ ಅವನಿಗೆ ಮುತ್ತು ಕೊಟ್ಟರು, ಆದರೆ ಮಾತಾಡಲಿಲ್ಲ.

ಮರಳಿ ಮೆಲ್ಬರ್ನಿಗೆ

ಅರ್ಧ ದಾರಿಯಲ್ಲಿ, ಊಟಕ್ಕೆ ನಿಲ್ಲಿಸಿದ ಕಡೆ, ಗಾಳಿಗೆ ಹಾರುವ ಕಾಗದದ ತಟ್ಟೆಗಳನ್ನು ಒತ್ತಿ ಹಿಡಿದುಕೊಂಡು ಲೂಕ್ ಶುರುಮಾಡಿದ.

“ಡೊಡಮ್ಮ, ಚೇತನಾಗೆ ಹೇಳಬೇಡಿ. ಟಾಂಟೀನ್‌ಗೆ ಅರ್ಥ ಗೊತ್ತಿರಲಿಲ್ಲ ಅಂದುಬಿಡಿ. ಹೇಳಿದರೆ ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆ.”

ಅವನ ಮೇಲೆ ಸಿಟ್ಟು ಬಂದಿತ್ತು, ನಿನ್ನೆ ಹುಲ್ಲಿನ ಮೇಲೆ ಕೂತು ಅತ್ತದ್ದೂ ಕಣ್ಣಮುಂದಿತ್ತು. ಸುಳ್ಳು ಹೇಳುವುದು ಕಷ್ಟದ ಕೆಲಸವೇನಲ್ಲ. ಅವಳಿಗೂ ಅದರಿಂದ ಸ್ವಲ್ಪ ನೆಮ್ಮದಿ ಸಿಕ್ಕೀತು. ಆದರೆ ಅವಳು ನನ್ನನ್ನು ಕಳಿಸಿದ್ದೇ ಸುಳ್ಳು ಬರಬಾರದೆಂದು.

“ನಾನಾಗಿ ಹೇಳುವುದಿಲ್ಲ. ನೀನೇ ಹೇಳು,” ಎಂದೆ. “ಆದರೆ ಅವಳು ನನ್ನ ಕೇಳಿದರೆ ಮುಚ್ಚಿಡುವುದಿಲ್ಲ.”

ಅವನು ತಟ್ಟೆಯನ್ನು ಮಡಿಸಿ ಕಸದ ಡಬ್ಬಿಗೆ ಹಾಕಿ ಬಂದು ಕಾರು ಹೊರಡಿಸಿದ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಸುಜಾತಾ ಹೋದ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಅವನು ಹೇಳಿದ. ಒಂದೂ ಬಿಡದೆ ಹೇಳಿದ. ಚೇತನಾ ಒಲೆಯ ಪಕ್ಕ ನಿಂತು ಕೇಳಿದಳು.

“ಸೋ ಯು ನ್ಯೂ,” ಎಂದಳು. ಅಷ್ಟೇ. ತಲೆದಿಂಬು ತೆಗೆದುಕೊಂಡು ನನ್ನ ಕೋಣೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಶುಕ್ರವಾರ, ಶನಿವಾರ ಮನೆಯಲ್ಲಿ ಮಾತಿಲ್ಲ. ಲೂಕ್ ಕೆಲಸಕ್ಕೆ ಹೋಗದೆ ಗ್ಯಾರೇಜಿನಲ್ಲಿ ವೈರುಗಳನ್ನು ಸುತ್ತಿಡುತ್ತ ಕೂತಿರುತ್ತಿದ್ದ. ನಾನು ಶುಂಠಿ ಕಷಾಯ ಮಾಡಿ ಇಬ್ಬರಿಗೂ ಕೊಟ್ಟೆ. ಬಾಣಂತಿಯ ಕಷಾಯವೆಂದು ಗೊತ್ತಿಲ್ಲದೆ ಅವನೂ ಕುಡಿದ.

ಭಾನುವಾರ ಚೇತನಾ ಫಾರಂ ಹಿಡಿದುಕೊಂಡು ಬಂದು ಮಂಚದ ಮೇಲೆ ಕೂತಳು.

“ಆ ಹೆಸರು ಅಜ್ಜೀನ ಉಳಿಸ್ತಲ್ಲ ದೊಡ್ಡಮ್ಮ. ಎಂಬತ್ತಾರು ವರ್ಷ. ನನ್ನ ಮಗಳನ್ನ ಯಾಕೆ ಉಳಿಸ್ಲಿಲ್ಲ?”

“ಬೇರೆ ಹೆಸರು ಬರಿ,” ಎಂದೆ. “ನಿಮ್ಮಮ್ಮನ ಹೆಸರು ಬರಿ. ಸುಮಿತ್ರಾ ಅನ್ನು.”

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಪೆನ್ನಿನ ಮುಚ್ಚಳ ಕೂಡ ತೆಗೆದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಇಲ್ಲ. ಆಸ್ಪತ್ರೇಲಿ ಮೂರು ಗಂಟೆ ಎತ್ಕೊಂಡಿದ್ದೆ ಅವಳನ್ನ. ಆ ಹೆಸರಲ್ಲೇ ಮಾತಾಡಿಸ್ತಿದ್ದೆ. ಈಗ ಸುಮಿತ್ರಾ ಅಂದ್ರೆ ಅದು ಬೇರೆ ಯಾರದೋ ಮಗು ಆಗುತ್ತೆ.”

ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬರೆದಳು. ಗುಮಾಸ್ತಿಕೆಯ ಅಭ್ಯಾಸ, ಬರೆದದ್ದನ್ನು ನಾನು ಎರಡು ಸಲ ಓದಿ ನೋಡಿದೆ. ತಪ್ಪಿರಲಿಲ್ಲ.

ಸೋಮವಾರ

ಸ್ಮಶಾನಕ್ಕೆ ಒಯ್ಯುವ ಮುಂಚೆ, ಶವಸಂಸ್ಕಾರದವರ ಕಟ್ಟಡದಲ್ಲಿ ಒಂದು ಸಣ್ಣ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಅಲ್ಲಿನ ಹುಡುಗಿ, ಲೇಸು ಹಚ್ಚಿದ ಬಿಳಿಯ ಪುಟ್ಟ ಗೌನು ತಂದು, ತೊಡಿಸಲೇ ಎಂದು ಕೇಳಿದಳು. ಇದನ್ನೆಲ್ಲ ಇಲ್ಲಿ ಬಹಳ ಮೃದುವಾಗಿ, ಗಡಿಬಿಡಿಯಿಲ್ಲದೆ ಮಾಡುತ್ತಾರೆ. ನಮ್ಮಲ್ಲಿ ಆಗಿದ್ದರೆ ಬೇಗ, ಬೇಗ ಎಂದು ಯಾರಾದರೂ ಗದರಿರುತ್ತಿದ್ದರು.

“ನೋ,” ಎಂದಳು ಚೇತನಾ. “ಬಟ್ಟೆ ತಂದಿದ್ದೀವಿ. ನಾನೇ ಸುತ್ತುತ್ತೀನಿ.”

ನನ್ನ ಹಳೆಯ ನೂಲಿನ ಸೀರೆಯಲ್ಲಿ ಒಂದು ಗಜ ಹರಿದುಕೊಂಡು ಹೋಗಿದ್ದೆವು. ಮಗುವನ್ನು ನಾನು ಮೊದಲ ಸಲ ನೋಡಿದ್ದು ಆಗ. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ಅದಕ್ಕಿಂತ ತುಸು ಕಮ್ಮಿಯೇ. ಗದ್ದ ಅವಳದೇ. ನಾನು ಕೈಹಾಕಲು ಮುಂದೆ ಹೋದೆ. ಚೇತನಾ ಬೇಡವೆಂದು ನನ್ನ ಕೈ ಸರಿಸಿದಳು.

ಅವಳು ಬಟ್ಟೆ ಹಾಸಿ, ಮಗುವನ್ನು ಎತ್ತಿಡಲು ಬಗ್ಗಿದಳು. ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಮೈ. ಬಟ್ಟೆ ಎಳೆದು ಹಿಡಿಯಲು ಕೈಯಿರಲಿಲ್ಲ. ನುಣುಪಾದ ಮೇಜು, ನೂಲು ಜಾರುತ್ತಿತ್ತು. ಲೂಕ್ ಬಾಗಿಲಿಗೆ ಒರಗಿ ನಿಂತಿದ್ದ. ನಾಲ್ಕು ದಿನದಿಂದ ಅವಳು ಅವನ ಮುಖ ನೋಡಿರಲಿಲ್ಲ. ಈಗಲೂ ನೋಡಲಿಲ್ಲ.

“ಲೂಕ್,” ಎಂದಳು, “ಆ ತುದಿ ಹಿಡ್ಕೋ.”

ಕನ್ನಡದಲ್ಲೇ ಹೇಳಿದ್ದಳು. ಅವನು ಬಂದು ಹಿಡಿದುಕೊಂಡ.